ಕಬ್ಬಿಣವಿದ್ದೂ ಅಂಟದ ಕೆಂಪು ಮಣ್ಣು

ಗೋವಾದ ಕುಡಚಡೆಯಲ್ಲಿ ಬಿಳಿ ಅಂಗಿ ಒಗೆದು ಒಣಹಾಕುವವರ ಕಷ್ಟ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸುತ್ತಲಿನ ಗಣಿಗಳಿಂದ ಅದಿರು ಹೊತ್ತ ಟಿಪ್ಪರುಗಳು ಸಾಲುಗಟ್ಟಿ ಬರುತ್ತಿದ್ದ ವರ್ಷಗಳಲ್ಲಿ ಇಲ್ಲಿನ ರಸ್ತೆ, ಕಾಂಪೌಂಡು, ಬಾಳೆ ಎಲೆ, ಅಂಗಡಿಯ ಬೋರ್ಡು ಎಲ್ಲದರ ಮೇಲೂ ಒಂದು ಪದರ ಕೆಂಪು ಕೂತಿರುತ್ತಿತ್ತು. ಈಚೆ ದಡದಲ್ಲಿ ಕುಡಚಡೆ, ಆಚೆ ದಡದಲ್ಲಿ ಸಾವರ್ಡೆ, ನಡುವೆ ಜುವಾರಿ ನದಿ. ನದಿಯಲ್ಲಿ ಅದಿರು ತುಂಬಿಕೊಂಡು ಮುರ್ಮಗೋವಾ ಬಂದರಿನ ಕಡೆ ಇಳಿಯುತ್ತಿದ್ದ ಬಾರ್ಜುಗಳು. ಆ ಧೂಳಿನ ನಡುವೆ ದುಡಿದವರಲ್ಲಿ ಉತ್ತರ ಕರ್ನಾಟಕದಿಂದ ಬಂದವರೂ ಬಹಳ. ಹಾಗಾಗಿ ಅದು ಗೋವಾದ ಧೂಳಾದರೂ ನಮಗೆ ಪರಿಚಯದ್ದೇ.

ಈ ಕೆಂಪು ಪುಡಿಯೆಂದರೆ ಕಬ್ಬಿಣದ ಅದಿರು. ಹಡಗಿನಲ್ಲಿ ಚೀನಾ, ಜಪಾನುಗಳಿಗೆ ಹೋಗಿ ಉಕ್ಕಾದದ್ದು ಇದೇ. ಕೆಟ್ಟುಹೋದ ರೇಡಿಯೊದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತುಕೊಂಡ ಯಾವ ಹುಡುಗನೂ ಒಮ್ಮೆಯಾದರೂ ಅದನ್ನು ಮಣ್ಣಿನಲ್ಲಿ ಹೊರಳಿಸಿಯೇ ಇರುತ್ತಾನೆ. ಅದಿರಿನ ಧೂಳಿನಲ್ಲಿ ಹೊರಳಿಸಿದರೆ ಏನಾಗಬೇಕು? ಶುದ್ಧ ಕೆಂಪು ಅದಿರಿನ ತೂಕದಲ್ಲಿ ನೂರಕ್ಕೆ 70 ಪಾಲು ಕಬ್ಬಿಣವೇ. ಅಯಸ್ಕಾಂತ ಕಾಣದಷ್ಟು ಮಣ್ಣು ಮೆತ್ತಿಕೊಳ್ಳಬೇಕು ತಾನೆ? ಆಗುವುದು ಹಾಗಲ್ಲ. ಕೊಡವಿದರೆ ಕೆಂಪು ಪುಡಿ ಉದುರಿಹೋಗುತ್ತದೆ. ಉಳಿಯುವುದು ಒಂದಿಷ್ಟು ಕರಿಯ ಚೂರು, ಎಲ್ಲಿಂದಲೋ ಸವೆದು ಬಿದ್ದ ಉಕ್ಕಿನ ಪುಡಿ, ಮುರಿದ ಮೊಳೆಯ ತುಂಡು.

ಕೆಂಪು ಅದಿರಿಗೆ ಹೆಮಟೈಟ್ ಎಂದು ಹೆಸರು. ಇದಕ್ಕೊಬ್ಬ ಕಪ್ಪು ದಾಯಾದಿ ಇದ್ದಾನೆ, ಮ್ಯಾಗ್ನೆಟೈಟ್. ಅದರಲ್ಲಿ ನೂರಕ್ಕೆ 72 ಪಾಲು ಕಬ್ಬಿಣ. ಎರಡಕ್ಕೂ ಇರುವ ವ್ಯತ್ಯಾಸ ಬರೀ ಎರಡು ಪಾಲಿನದು. ಆದರೆ ಅಯಸ್ಕಾಂತದ ಮುಂದೆ ಹಿಡಿದರೆ ಹೆಮಟೈಟ್ ತೋರಿಸುವ ಬಲ ಮ್ಯಾಗ್ನೆಟೈಟಿನ ಬಲದ ಇನ್ನೂರನೆಯ ಒಂದು ಪಾಲಿನಷ್ಟೂ ದಾಟುವುದು ಕಷ್ಟ. ಕಬ್ಬಿಣ ಇದೆ, ಅಯಸ್ಕಾಂತೀಯತೆ ಇಲ್ಲ. ಇದು ಹೇಗೆ?

ಬೆಲ್ಟಿನ ಮೇಲೆ ತೂಗುವ ಪೆಟ್ಟಿಗೆ

ಈ ಪ್ರಶ್ನೆ ಶಾಲೆಯ ಕುತೂಹಲದ್ದಷ್ಟೇ ಎಂದುಕೊಳ್ಳಬೇಡಿ. ಅದಿರು ಒಡೆದು ಸೋಸುವ ಘಟಕಗಳು ನಡೆಯುವುದೇ ಈ ವಿಚಿತ್ರದ ಆಧಾರದ ಮೇಲೆ.

ಗಣಿಯಿಂದ ಬಂದ ಅದಿರಿನ ಜೊತೆ ಬೇಡದ ಸಾಮಾನು ಬಹಳ ಬರುತ್ತದೆ. ಅಗೆಯುವ ಯಂತ್ರದ ಬಕೆಟ್ಟಿನಿಂದ ಕಳಚಿದ ಹಲ್ಲು, ಬೋಲ್ಟು, ನಟ್ಟು, ಯಾರೋ ಮರೆತ ಸ್ಪ್ಯಾನರು. ಇಂಥದೊಂದು ಅದಿರಿನಲ್ಲಿ ಅಡಗಿ ಕ್ರಷರಿನ ದವಡೆಗೆ ಸಿಕ್ಕಿತೋ, ದವಡೆ ಮುರಿಯುತ್ತದೆ. ರಬ್ಬರ್ ಬೆಲ್ಟಿಗೆ ಚುಚ್ಚಿಕೊಂಡರೆ ಮೀಟರುಗಟ್ಟಲೆ ಉದ್ದ ಸೀಳಿಬಿಡುತ್ತದೆ. ಆದ್ದರಿಂದ ಅದಿರು ಹರಿಯುವ ಬೆಲ್ಟಿನ ಮೇಲೆ, ಕೈಯಳತೆಯ ಎತ್ತರದಲ್ಲಿ, ಒಂದು ಭಾರೀ ಕಬ್ಬಿಣದ ಪೆಟ್ಟಿಗೆಯನ್ನು ತೂಗುಹಾಕುತ್ತಾರೆ. ಅದರೊಳಗೆ ಸಾವಿರಾರು ಸುತ್ತು ತಂತಿ, ನಡುವೆ ಕಬ್ಬಿಣದ ದಿಂಡು. ಇದೇ ವಿದ್ಯುತ್ಕಾಂತ, ಕಾರ್ಖಾನೆಯವರು ಎಲೆಕ್ಟ್ರೋಮ್ಯಾಗ್ನೆಟ್ ಎನ್ನುತ್ತಾರೆ. ಕರೆಂಟು ಕೊಟ್ಟಾಗ ಅಯಸ್ಕಾಂತ, ತೆಗೆದಾಗ ಬರೀ ಕಬ್ಬಿಣ. ಕೆಳಗೆ ಟನ್ನುಗಟ್ಟಲೆ ಕೆಂಪು ಅದಿರು ಹರಿದುಹೋಗುತ್ತಿದ್ದರೂ ಅದು ಅದಿರನ್ನು ಮುಟ್ಟುವುದಿಲ್ಲ. ರಾಶಿಯೊಳಗೆ ಅಡಗಿದ ಬೋಲ್ಟನ್ನು ಮಾತ್ರ ಮೇಲಕ್ಕೆ ಸೆಳೆದುಕೊಳ್ಳುತ್ತದೆ.

ಅದಿರಿನಲ್ಲಿರುವ ಕಬ್ಬಿಣವೂ ಬೋಲ್ಟಿನಂತೆ ಅಂಟುವುದಾಗಿದ್ದರೆ ಇಡೀ ಬೆಲ್ಟಿನ ಸರಕು ಪೆಟ್ಟಿಗೆಗೆ ಮೆತ್ತಿಕೊಂಡು ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ತಂತಿಯ ಸುತ್ತ ಏನೋ ಸುತ್ತುತ್ತಿದೆ

ಕಬ್ಬಿಣದ ಒಳಗುಟ್ಟಿಗೆ ಹೋಗುವ ಮೊದಲು ತಂತಿಯನ್ನು ನೋಡೋಣ. ತಾಮ್ರದ ತಂತಿಗೆ ಅಯಸ್ಕಾಂತ ಅಂಟುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಹಾಗಿದ್ದೂ ಅದೇ ತಾಮ್ರವನ್ನು ಸುತ್ತಿ ಅಯಸ್ಕಾಂತ ಮಾಡುತ್ತೇವೆ.

1820ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಹಾನ್ಸ್ ಕ್ರಿಶ್ಚಿಯನ್ ಏರ್ಸ್ಟೆಡ್ ಎಂಬ ಪ್ರಾಧ್ಯಾಪಕ ಬ್ಯಾಟರಿಯ ತಂತಿಯ ಹತ್ತಿರ ದಿಕ್ಸೂಚಿ ಇಟ್ಟು ಕರೆಂಟು ಹರಿಸಿದ. ಮುಳ್ಳು ಅಲುಗಿತು. ಅದಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸಿದ್ದು ಅದು ಅಲುಗಿದ ರೀತಿ. ಮುಳ್ಳು ತಂತಿಯ ಕಡೆ ತಿರುಗಲಿಲ್ಲ, ತಂತಿಯಿಂದ ದೂರ ಸರಿಯಲೂ ಇಲ್ಲ. ತಂತಿಗೆ ಅಡ್ಡಡ್ಡಲಾಗಿ ನಿಲ್ಲಲು ನೋಡಿತು. ಅಲ್ಲಿಯವರೆಗೆ ತಿಳಿದಿದ್ದ ಬಲಗಳೆಲ್ಲ ನೇರವಾಗಿ ಎಳೆಯುವ ಇಲ್ಲವೇ ನೇರವಾಗಿ ತಳ್ಳುವ ಬಲಗಳು. ಇದು ಪಕ್ಕಕ್ಕೆ ತಿರುಗಿಸುವ ಬಲ.

ಬಲಗೈಯಿಂದ ಒಂದು ಕೋಲನ್ನು ತಂತಿಯೆಂದುಕೊಂಡು ಹಿಡಿದು ಹೆಬ್ಬೆರಳನ್ನು ಕರೆಂಟು ಹರಿಯುವ ದಿಕ್ಕಿಗೆ ಚಾಚಿ. ಉಳಿದ ನಾಲ್ಕು ಬೆರಳು ಕೋಲನ್ನು ಯಾವ ಕಡೆಗೆ ಸುತ್ತಿಕೊಂಡಿವೆಯೋ ಆ ಕಡೆಗೇ ಕಾಂತಬಲ ಸುತ್ತುತ್ತದೆ. ನೇರ ತಂತಿಯ ಈ ಬಲ ಬಹಳ ಸಣ್ಣದು. ಒಂದು ಆಂಪಿಯರ್ ಕರೆಂಟು ಹರಿಯುವ ತಂತಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಅಳೆದರೆ, ಗೋವಾದಲ್ಲಿ ಭೂಮಿಯೇ ದಿಕ್ಸೂಚಿಯ ಮೇಲೆ ಹಾಕುವ ಬಲದ ಅರ್ಧದಷ್ಟೂ ಸರಿಯಾಗಿ ಸಿಗದು. ಅದರಿಂದ ಗುಂಡುಸೂಜಿ ಎತ್ತುವ ಮಾತು ದೂರವೇ ಉಳಿಯಿತು.

ಈಗ ಆ ತಂತಿಯನ್ನು ಬಳೆಯಾಗಿ ಬಗ್ಗಿಸಿ. ಬಳೆಯ ಯಾವ ಬದಿಯಲ್ಲಿ ಬಲಗೈ ಹಿಡಿದು ನೋಡಿದರೂ ಬೆರಳುಗಳು ಬಳೆಯ ಒಳಗೆ ಒಂದೇ ಕಡೆಗೆ ಹೊಕ್ಕು ಹೊರಬರುತ್ತವೆ. ಹೊರಗೆ ಚದುರಿಹೋಗುತ್ತಿದ್ದ ಬಲ ಬಳೆಯ ಒಳಗೆ ಒಗ್ಗೂಡಿತು. ಇಂಥ ನೂರು ಬಳೆ ಒತ್ತೊತ್ತಾಗಿ ಇಟ್ಟರೆ ನೂರರ ಬಲವೂ ಒಂದೇ ಕಡೆಗೆ. ಸುರುಳಿಯ ಒಂದು ತುದಿ ಉತ್ತರ ಧ್ರುವದಂತೆ ವರ್ತಿಸುತ್ತದೆ, ಇನ್ನೊಂದು ದಕ್ಷಿಣ ಧ್ರುವದಂತೆ. ಕರೆಂಟಿನ ದಿಕ್ಕು ತಿರುಗಿಸಿದರೆ ಧ್ರುವಗಳೂ ಅದಲುಬದಲು. ಏರ್ಸ್ಟೆಡ್‌ನ ಸುದ್ದಿ ಪ್ಯಾರಿಸ್ ತಲುಪಿದ ಕೆಲವೇ ದಿನಗಳಲ್ಲಿ ಆಂಡ್ರೆ ಮರಿ ಆಂಪಿಯರ್ ಇದನ್ನೆಲ್ಲ ಕಂಡುಕೊಂಡ. ಕರೆಂಟಿನ ಅಳತೆಗೆ ಅವನ ಹೆಸರು ನಿಂತದ್ದು ಸುಮ್ಮನೆ ಅಲ್ಲ.

ಮೆರುಗೆಣ್ಣೆಯ ಲಾಳ, ರೇಷ್ಮೆಯ ಅಂಗಿ

ಬರೀ ಸುರುಳಿಯ ಒಳಗೆ ಇರುವುದು ಗಾಳಿ. ಆ ಜಾಗದಲ್ಲಿ ಕಬ್ಬಿಣ ಇಟ್ಟು ಭಾರ ಎತ್ತಿ ತೋರಿಸಿದವನು ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್. ಚಪ್ಪಲಿ ಹೊಲಿಯುವವನ ಬಳಿ ಕೆಲಸ ಕಲಿತು, ಸೈನ್ಯದಲ್ಲಿ ದುಡಿದು, ಅಲ್ಲಿದ್ದಾಗಲೇ ವಿಜ್ಞಾನ ಓದಿಕೊಂಡ ಮನುಷ್ಯ. 1825ರಲ್ಲಿ ಅವನು 200 ಗ್ರಾಂ ತೂಕದ ಕಬ್ಬಿಣದ ತುಂಡನ್ನು ಲಾಳದಂತೆ ಬಗ್ಗಿಸಿ, ಮೇಲೆ ಮೆರುಗೆಣ್ಣೆ ಬಳಿದು, ಬರಿಯ ತಾಮ್ರದ ತಂತಿಯನ್ನು ಒಂದಕ್ಕೊಂದು ತಾಗದಂತೆ ಸುತ್ತಿದ. ಒಂದೇ ಬ್ಯಾಟರಿ ಕೋಶ. ಲಾಳ ನಾಲ್ಕು ಕಿಲೊ ಎತ್ತಿತು. ತಂತಿಯನ್ನು ಬ್ಯಾಟರಿಯಿಂದ ಬಿಡಿಸಿದ ಕೂಡಲೇ ಭಾರ ದೊಪ್ಪೆಂದು ಬಿತ್ತು. ಎತ್ತುವಷ್ಟೇ ಮುಖ್ಯವಾದದ್ದು ಈ ಬೀಳುವುದು. ಬೇಕೆಂದಾಗ ಬಿಡುವ ಅಯಸ್ಕಾಂತ ಅಲ್ಲಿಯವರೆಗೆ ಜಗತ್ತಿನಲ್ಲಿ ಇರಲಿಲ್ಲ.

ಸ್ಟರ್ಜನ್ನನ ಕಷ್ಟವೆಂದರೆ ಬರಿಯ ತಂತಿಯನ್ನು ಒತ್ತಾಗಿ ಸುತ್ತುವಂತಿಲ್ಲ. ಸುತ್ತುಗಳು ತಾಗಿದರೆ ಕರೆಂಟು ಸುರುಳಿಯಲ್ಲಿ ಸುತ್ತದೆ ಅಡ್ಡದಾರಿ ಹಿಡಿಯುತ್ತದೆ. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆಯ ಎಳೆ ಸುತ್ತಿ ಈ ತೊಡಕು ಕಳೆದ. ಅದಕ್ಕಾಗಿ ಹೆಂಡತಿಯ ರೇಷ್ಮೆ ಲಂಗ ಹರಿದನೆಂದು ಒಂದು ಕಥೆ ಇದೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ರೇಷ್ಮೆ ಹೊದ್ದ ತಂತಿಯನ್ನು ಪದರದ ಮೇಲೆ ಪದರ ಸುತ್ತಬಹುದು. 1831ರಲ್ಲಿ ಯೇಲ್ ವಿದ್ಯಾಲಯಕ್ಕಾಗಿ ಅವನು ಕಟ್ಟಿದ ವಿದ್ಯುತ್ಕಾಂತ 900 ಕಿಲೊಗಿಂತ ಹೆಚ್ಚು ಭಾರ ಎತ್ತಿತು. ಸ್ಟರ್ಜನ್ನನ ನಾಲ್ಕು ಕಿಲೊದಿಂದ ಇಲ್ಲಿಗೆ ಬರಲು ಹಿಡಿದದ್ದು ಆರು ವರ್ಷ. ಇಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕಾಣುವ ಹೊಳೆಯುವ ಕಂದು ತಂತಿಗೆ ರೇಷ್ಮೆಯ ಬದಲು ಎನಾಮಲ್ ಬಳಿದಿರುತ್ತಾರೆ, ಉದ್ದೇಶ ಅದೇ.

ಆದರೆ ನಡುವಿನ ಕಬ್ಬಿಣ ಮಾಡಿದ್ದಾದರೂ ಏನು? ಅದೇ ಸುರುಳಿ, ಅದೇ ಕರೆಂಟು. ಗಾಳಿಯ ಜಾಗಕ್ಕೆ ಕಬ್ಬಿಣ ಬಂದಾಗ ಬಲ ನೂರಾರು ಪಟ್ಟು ಏರುತ್ತದೆ. ಈ ಹೆಚ್ಚುವರಿ ಬಲ ಬ್ಯಾಟರಿಯದ್ದಲ್ಲ. ಅದು ಕಬ್ಬಿಣದೊಳಗೆ ಮೊದಲೇ ಇತ್ತು.

ತೇರಿನ ಹಗ್ಗ

ಪ್ರತಿ ಎಲೆಕ್ಟ್ರಾನೂ ಒಂದು ಪುಟಾಣಿ ಅಯಸ್ಕಾಂತ. ಹುಟ್ಟಿನಿಂದಲೇ ಹಾಗೆ, ಯಾರೂ ಅದನ್ನು ಅಯಸ್ಕಾಂತ ಮಾಡಬೇಕಿಲ್ಲ. ಹೆಚ್ಚಿನ ಪರಮಾಣುಗಳಲ್ಲಿ ಎಲೆಕ್ಟ್ರಾನುಗಳು ಎದುರುಬದುರಾಗಿ ಜೋಡಿಯಾಗಿ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತವೆ. ಕಬ್ಬಿಣದ ಪರಮಾಣುವಿನಲ್ಲಿ ಕೆಲವು ಎಲೆಕ್ಟ್ರಾನುಗಳಿಗೆ ಜೋಡಿ ಇಲ್ಲ. ಹಾಗಾಗಿ ಇಡೀ ಪರಮಾಣುವೇ ಒಂದು ಸಣ್ಣ ಅಯಸ್ಕಾಂತ. ಕೆಂಪು ಅದಿರಿನ ಕಬ್ಬಿಣವೂ ಹೀಗೆಯೇ, ಬೋಲ್ಟಿನ ಕಬ್ಬಿಣವೂ ಹೀಗೆಯೇ. ಬೇರೆಯಾಗುವುದು ಅವು ನೆರೆಯವರ ಜೊತೆ ನಿಲ್ಲುವ ಬಗೆಯಲ್ಲಿ.

ಕೊಪ್ಪಳದ ಗವಿಮಠದ ಜಾತ್ರೆಯ ತೇರನ್ನು ನೆನೆದುಕೊಳ್ಳಿ. ಸೇರಿದವರು ಲಕ್ಷಾಂತರ ಜನ. ಪ್ರತಿಯೊಬ್ಬನ ತೋಳಿನಲ್ಲೂ ಬಲವಿದೆ. ಆದರೆ ತೇರು ಅಲುಗುವುದು ಹಗ್ಗ ಹಿಡಿದವರೆಲ್ಲ ಒಂದೇ ಕಡೆಗೆ ಎಳೆದಾಗ. ಅರ್ಧ ಜನ ಮುಂದಕ್ಕೆ, ಅರ್ಧ ಜನ ಹಿಂದಕ್ಕೆ ಎಳೆದರೆ ಎಷ್ಟೇ ಬೆವರು ಸುರಿದರೂ ತೇರು ಇದ್ದಲ್ಲೇ.

ಲೋಹದ ಕಬ್ಬಿಣದಲ್ಲಿ ನೆರೆಹೊರೆಯ ಪರಮಾಣುಗಳು ತಾವಾಗಿಯೇ ಒಂದೇ ಕಡೆಗೆ ಎಳೆಯುತ್ತವೆ. ಹಾಗಾದರೆ ಅಂಗಡಿಯಿಂದ ತಂದ ಮೊಳೆ ಇನ್ನೊಂದು ಮೊಳೆಯನ್ನು ಏಕೆ ಎತ್ತುವುದಿಲ್ಲ? ಮೊಳೆಯ ತುಂಬ ಒಂದೇ ಹಗ್ಗವಿಲ್ಲ, ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಗುಂಪುಗಳಿವೆ. ಒಂದೊಂದು ಗುಂಪಿನೊಳಗೆ ಪೂರ್ತಿ ಒಗ್ಗಟ್ಟು, ಆದರೆ ಒಂದು ಗುಂಪು ಪೂರ್ವಕ್ಕೆ ಎಳೆದರೆ ಪಕ್ಕದ್ದು ಪಶ್ಚಿಮಕ್ಕೆ. ವಿಜ್ಞಾನಿಗಳು ಇಂಥ ಗುಂಪನ್ನು ಡೊಮೇನ್ ಎನ್ನುತ್ತಾರೆ, ನಾವು ಒಮ್ಮುಖ ವಲಯ ಎನ್ನೋಣ. ಎಲ್ಲ ವಲಯಗಳ ಲೆಕ್ಕ ಕೂಡಿ ಕಳೆದರೆ ಉಳಿಯುವುದು ಸೊನ್ನೆ.

ಈಗ ಮೊಳೆಯ ಸುತ್ತ ಸುರುಳಿ ಸುತ್ತಿ ಕರೆಂಟು ಬಿಡಿ. ಸುರುಳಿಯ ಬಲ ಸಣ್ಣದೇ, ಆದರೆ ಅದಕ್ಕೊಂದು ದಿಕ್ಕಿದೆ. ಆ ದಿಕ್ಕಿಗೆ ಮೊದಲೇ ಎಳೆಯುತ್ತಿದ್ದ ವಲಯ ತನ್ನ ಗಡಿಯಲ್ಲಿದ್ದ ನೆರೆಯವರನ್ನು ಒಬ್ಬೊಬ್ಬರಾಗಿ ತನ್ನ ಕಡೆ ಸೇರಿಸಿಕೊಳ್ಳುತ್ತ ಹಿಗ್ಗುತ್ತದೆ. ವಿರುದ್ಧ ವಲಯ ಕುಗ್ಗುತ್ತದೆ. ಕರೆಂಟು ಹೆಚ್ಚಿಸಿದಂತೆ ಇಡೀ ಮೊಳೆ ಒಂದೇ ಹಗ್ಗ ಹಿಡಿದಂತಾಗುತ್ತದೆ. ವಿದ್ಯುತ್ಕಾಂತವೆಂದರೆ ಇಷ್ಟೇ. ಭಾರ ಎತ್ತುವ ಬಲದ ಬಹುಪಾಲು ಕಬ್ಬಿಣದ ಪರಮಾಣುಗಳದ್ದು, ಕರೆಂಟು ಕೊಡುವುದು ದಿಕ್ಕು.

ಇದರಿಂದಲೇ ಇನ್ನೊಂದು ಮಾತೂ ತಿಳಿಯುತ್ತದೆ. ಹಗ್ಗ ಹಿಡಿಯಬೇಕಾದವರೆಲ್ಲ ಹಿಡಿದಾದ ಮೇಲೆ ಹೆಚ್ಚಿನ ಬಲ ಎಲ್ಲಿಂದ ಬರಬೇಕು? ಕಬ್ಬಿಣದೊಳಗಿನ ಕಾಂತಬಲ ಭೂಮಿಯ ಕಾಂತಬಲದ ಸುಮಾರು 50,000 ಪಟ್ಟು ಮುಟ್ಟುವ ಹೊತ್ತಿಗೆ ಎಲ್ಲ ವಲಯಗಳೂ ಸಾಲಿಗೆ ಬಂದಿರುತ್ತವೆ. ಅಲ್ಲಿಂದ ಮುಂದೆ ಕರೆಂಟು ಎಷ್ಟು ಸುರಿದರೂ ತಂತಿ ಕಾಯುವುದೇ ಹೊರತು ಲಾಭ ಬಹಳ ಕಡಿಮೆ.

ಕರೆಂಟು ತೆಗೆದಾಗ ವಲಯಗಳು ಮತ್ತೆ ಚದುರಬೇಕು. ಮೆದು ಕಬ್ಬಿಣದಲ್ಲಿ ಅವುಗಳ ಗಡಿಗಳು ಸಲೀಸಾಗಿ ಹಿಂದೆ ಸರಿಯುತ್ತವೆ. ಗಟ್ಟಿ ಉಕ್ಕಿನಲ್ಲಿ ಗಡಿಗಳು ಅಲ್ಲಲ್ಲೇ ಸಿಕ್ಕಿಕೊಂಡು ಸ್ವಲ್ಪ ಅಯಸ್ಕಾಂತೀಯತೆ ಉಳಿದುಬಿಡುತ್ತದೆ. ಸ್ಕ್ರೂಡ್ರೈವರಿನ ತುದಿ ಅಯಸ್ಕಾಂತಕ್ಕೆ ಒಮ್ಮೆ ತಾಗಿದರೆ ವಾರಗಟ್ಟಲೆ ಸ್ಕ್ರೂ ಹಿಡಿಯುವುದು ಇದೇ ಕಾರಣಕ್ಕೆ. ಬೆಲ್ಟಿನ ಮೇಲಿನ ಪೆಟ್ಟಿಗೆಗೆ ಬೇಕಾದದ್ದು ಮೆದು ಕಬ್ಬಿಣ. ಬಹಳ ಬಿಸಿ ಮಾಡಿದರೆ ಒಗ್ಗಟ್ಟು ಒಡೆಯುವುದೂ ಉಂಟು: ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದನ್ನು ಯಾವ ಅಯಸ್ಕಾಂತವೂ ಕಬ್ಬಿಣವೆಂದು ಗುರುತಿಸುವುದಿಲ್ಲ.

ಕೆಂಪು ಮತ್ತು ಕಪ್ಪು

ಈಗ ಕುಡಚಡೆಯ ಧೂಳಿಗೆ ಉತ್ತರ ಸಿಕ್ಕಿತು. ಹೆಮಟೈಟಿನಲ್ಲಿ ಕಬ್ಬಿಣದ ಪರಮಾಣುಗಳ ನಡುವೆ ಆಮ್ಲಜನಕ ಸೇರಿಕೊಂಡಿದೆ. ಈ ಆಮ್ಲಜನಕದ ಮಧ್ಯಸ್ಥಿಕೆಯಿಂದ ಒಂದು ಸಾಲಿನ ಪರಮಾಣುಗಳು ಒಂದು ಕಡೆಗೆ ಎಳೆದರೆ ಮುಂದಿನ ಸಾಲಿನವು ಅಷ್ಟೇ ಬಲವಾಗಿ ಎದುರು ಕಡೆಗೆ ಎಳೆಯುತ್ತವೆ. ಸಂಖ್ಯೆಯೂ ಸಮ, ಬಲವೂ ಸಮ. ಎಳೆತ ಒಂದು ಕೂದಲೆಳೆಯಷ್ಟು ಓರೆಯಾಗಿರುವುದರಿಂದ ಚೂರು ಬಲ ಉಳಿಯುತ್ತದೆ, ಅಷ್ಟೇ. ಹೊರಗಿನ ಅಯಸ್ಕಾಂತ ಬಂದು ಇವರನ್ನು ಒಂದು ಕಡೆಗೆ ತಿರುಗಿಸಲು ನೋಡಿದರೂ ಆಗದು. ನೆರೆಯವರ ಹಟ ಅದಕ್ಕಿಂತ ಬಹಳ ದೊಡ್ಡದು.

ಮ್ಯಾಗ್ನೆಟೈಟಿನಲ್ಲಿ ಲೆಕ್ಕ ಬೇರೆ. ಅದರ ಸೂತ್ರದಲ್ಲಿ ಕಬ್ಬಿಣದ ಮೂರು ಪರಮಾಣುಗಳಿವೆ. ಇಬ್ಬರು ಎದುರುಬದುರು ನಿಂತು ಸರಿಸಮ ಎಳೆದು ಒಬ್ಬರನ್ನೊಬ್ಬರು ಅಳಿಸಿಕೊಳ್ಳುತ್ತಾರೆ. ಮೂರನೆಯವನಿಗೆ ಎದುರಾಳಿಯಿಲ್ಲ. ಅವನ ಎಳೆತವಷ್ಟೂ ಉಳಿತಾಯ. ಸೂಜಿಗಲ್ಲು ಎಂದು ನಮ್ಮ ಹಿರಿಯರು ಕರೆದದ್ದು ಈ ಮೂರನೆಯವನ ಬಲದಿಂದ ನಿಂತ ಕಲ್ಲನ್ನೇ.

ಕರ್ನಾಟಕದ ಗಣಿಗಾರಿಕೆಯ ಇತಿಹಾಸವನ್ನೂ ಈ ಲೆಕ್ಕ ಎರಡಾಗಿ ಹಂಚಿದೆ. ಬಳ್ಳಾರಿ-ಹೊಸಪೇಟೆಯ ಅದಿರು ಮುಖ್ಯವಾಗಿ ಕೆಂಪು, ಗೋವಾದ್ದರ ಬಳಗ. ಇದೇ ಕುಡಚಡೆಯ ಸ್ಟೇಷನ್ ಹಾದು ಆ ಅದಿರೂ ಮುರ್ಮಗೋವಾಕ್ಕೆ ಇಳಿಯುತ್ತಿತ್ತು. ಕುದುರೆಮುಖದ್ದು ಮುಖ್ಯವಾಗಿ ಕಪ್ಪು. ಅಲ್ಲಿನ ಬಂಡೆಯಲ್ಲಿ ಕಬ್ಬಿಣ ನೂರಕ್ಕೆ 38ರ ಆಸುಪಾಸು, ಕೆಂಪು ಅದಿರಾಗಿದ್ದರೆ ಮೂಸಿಯೂ ನೋಡದಷ್ಟು ಬಡತನ. ಆದರೂ 1976ರಲ್ಲಿ ಅಲ್ಲಿ ಸರ್ಕಾರಿ ಕಂಪನಿ ತಲೆಯೆತ್ತಿತು. ಏಕೆಂದರೆ ಕಪ್ಪು ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಒಳಗೆ ಅಯಸ್ಕಾಂತ ಕೂರಿಸಿದ ಉರುಳೆಯ ಹತ್ತಿರ ಹರಿಸಿದರೆ ಕಬ್ಬಿಣದ ಕಣ ಉರುಳೆಗೆ ಅಂಟುತ್ತದೆ, ಮರಳು ಕೊಚ್ಚಿಹೋಗುತ್ತದೆ. ಹೀಗೆ ಅದನ್ನು ನೂರಕ್ಕೆ 67ರವರೆಗೆ ಏರಿಸಿ, 67 ಕಿಲೊಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಗೋವಾದ ಗಣಿಗಳಿಗೂ 2012ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಅದೇ ಕೋರ್ಟಿನ ತಡೆ ಬಿತ್ತು. ಕಾಡು ಮತ್ತು ನದಿಯ ಆ ಕಥೆ ದೊಡ್ಡದು, ಈ ಅಧ್ಯಾಯದಲ್ಲಿ ಹಿಡಿಸದು.

ಕೆಂಪನ್ನು ಕಪ್ಪಾಗಿಸಲೂ ಬರುತ್ತದೆ. ಕೆಂಪು ಅದಿರಿನ ಪುಡಿಯನ್ನು ಇದ್ದಿಲಿನ ಜೊತೆ ಮುಚ್ಚಿಟ್ಟು ಚೆನ್ನಾಗಿ ಕಾಯಿಸಿದರೆ ಅದರ ಆಮ್ಲಜನಕದಲ್ಲಿ ಸ್ವಲ್ಪ ಕಳೆದುಹೋಗಿ ಅದು ಮ್ಯಾಗ್ನೆಟೈಟ್ ಆಗುತ್ತದೆ. ಒಂದು ತುಣುಕು ಕಬ್ಬಿಣವನ್ನೂ ಸೇರಿಸಿಲ್ಲ; ಪರಮಾಣುಗಳು ನಿಲ್ಲುವ ಕ್ರಮ ಬದಲಾಯಿತು, ಅಯಸ್ಕಾಂತಕ್ಕೆ ಅಂಟತೊಡಗಿತು. ನೂರಾರು ವರ್ಷ ಹಿಂದೆ ಒಲೆ ಉರಿದ ಜಾಗದ ಕೆಮ್ಮಣ್ಣು ಸುತ್ತಲಿನದಕ್ಕಿಂತ ಹೆಚ್ಚು ಅಯಸ್ಕಾಂತೀಯವಾಗಿರುತ್ತದೆ. ನೆಲ ಅಗೆಯದೆಯೇ ಹಳೆಯ ಊರಿನ ಒಲೆ, ಕುಲುಮೆಗಳನ್ನು ಪುರಾತತ್ವಜ್ಞರು ಪತ್ತೆಹಚ್ಚುವುದು ಹೀಗೆ.

ಅಯಸ್ಕಾಂತಕ್ಕೆ ಕಾಣದ ಉಕ್ಕು

ಬೆಲ್ಟಿನ ಮೇಲಿನ ಪೆಟ್ಟಿಗೆಗೆ ಒಂದು ಕುರುಡುತನವಿದೆ, ಅದೂ ಅಪಾಯದ ಜಾಗದಲ್ಲೇ. 1882ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಕಬ್ಬಿಣಕ್ಕೆ ನೂರಕ್ಕೆ 12ರಷ್ಟು ಮ್ಯಾಂಗನೀಸ್ ಸೇರಿಸಿ ಒಂದು ಉಕ್ಕು ಮಾಡಿದ. ಪೆಟ್ಟು ಬಿದ್ದಷ್ಟೂ ಅದರ ಮೈ ಗಟ್ಟಿಯಾಗುತ್ತ ಹೋಗುತ್ತದೆ. ಕ್ರಷರಿನ ದವಡೆಗೆ ಹೇಳಿಮಾಡಿಸಿದ ಸರಕು. ಆದರೆ ಈ ಉಕ್ಕಿನಲ್ಲಿ ಪರಮಾಣುಗಳ ಜೋಡಣೆಯೇ ಬೇರೆ, ಒಮ್ಮುಖ ವಲಯಗಳು ಕಟ್ಟಿಕೊಳ್ಳುವುದೇ ಇಲ್ಲ. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಕಬ್ಬಿಣವಿದ್ದೂ ಅದು ಅಯಸ್ಕಾಂತಕ್ಕೆ ಅಂಟದು. ದವಡೆಯ ಇಂಥ ಒಂದು ಚೂರು ಮುರಿದು ಅದಿರಿನ ಜೊತೆ ಮುಂದಿನ ಯಂತ್ರಕ್ಕೆ ಹೊರಟರೆ ಎಷ್ಟು ದೊಡ್ಡ ವಿದ್ಯುತ್ಕಾಂತವೂ ಅದನ್ನು ತಡೆಯಲಾರದು.

ಅದನ್ನು ಹಿಡಿಯಲು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡ ಸಂಗತಿ ಬೇಕು. ಕರೆಂಟು ಕಾಂತಬಲವನ್ನು ಹುಟ್ಟಿಸಿದರೆ, ಕಾಂತಬಲ ಕರೆಂಟನ್ನು ಹುಟ್ಟಿಸಬೇಕಲ್ಲವೇ? ಒಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ, ಒಂದಕ್ಕೆ ಬ್ಯಾಟರಿ ಜೋಡಿಸಿ, ಅವನು ಎರಡನೆಯದರ ತಂತಿಯ ಬಳಿ ದಿಕ್ಸೂಚಿ ಇಟ್ಟು ನೋಡಿದ. ಬ್ಯಾಟರಿ ಜೋಡಿಸುವ ಕ್ಷಣದಲ್ಲಿ ಒಮ್ಮೆ, ತೆಗೆಯುವ ಕ್ಷಣದಲ್ಲಿ ಇನ್ನೊಮ್ಮೆ ಮುಳ್ಳು ಹೊರಳಿತು. ನಡುವೆ, ಕರೆಂಟು ಒಂದೇ ಸಮ ಹರಿಯುತ್ತಿದ್ದಾಗ, ಏನೂ ಇಲ್ಲ. ಕಾಂತಬಲ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು.

ಬೆಲ್ಟಿನ ಮೇಲೆ ಇನ್ನೊಂದು ಸುರುಳಿ ಇಟ್ಟು ಅದರ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಹಿಂದುಮುಂದಾಗಿಸಿದರೆ, ಕೆಳಗೆ ಹಾಯುವ ಯಾವುದೇ ಲೋಹದೊಳಗೆ ಸಣ್ಣ ಕರೆಂಟುಗಳು ಸುಳಿಯುತ್ತವೆ. ಅವಕ್ಕೂ ಅವುಗಳದ್ದೇ ಕಾಂತಬಲ. ಅದನ್ನು ಗುರುತಿಸಿ ಸೈರನ್ ಕೂಗುತ್ತದೆ, ಬೆಲ್ಟ್ ನಿಲ್ಲುತ್ತದೆ, ಆಳು ಹೋಗಿ ಕೈಯಿಂದ ಚೂರನ್ನು ತೆಗೆಯುತ್ತಾನೆ. ವಿಮಾನ ನಿಲ್ದಾಣದ ಬಾಗಿಲು ನಿಮ್ಮ ಜೇಬಿನ ಕೀಲಿಕೈ ಕಂಡು ಕೂಗುವುದೂ ಹೀಗೆಯೇ.

ಸೆಲ್ಫ್ ಹೊಡೆದಾಗ ಟಕ್ ಟಕ್

ಬ್ಯಾಟರಿ ಇಳಿದ ಲಾರಿಗೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುವ ಬದಲು ‘ಟಕ್ ಟಕ್ ಟಕ್’ ಎಂದು ಸದ್ದಾಗುವುದನ್ನು ಯಾವ ಡ್ರೈವರನೂ ಮರೆಯಲಾರ. ಆ ಸದ್ದು ಒಂದು ವಿದ್ಯುತ್ಕಾಂತದ್ದು.

ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ ನೂರಾರು ಆಂಪಿಯರ್ ಬೇಕು. ಅಷ್ಟನ್ನು ಕೀಲಿ ತಿರುಗಿಸುವ ಸ್ವಿಚ್ಚಿನೊಳಗೆ ಹಾಯಿಸಿದರೆ ಸ್ವಿಚ್ಚೇ ಕರಗಿಹೋದೀತು. ಆದ್ದರಿಂದ ಕೀಲಿಯ ಸಣ್ಣ ಕರೆಂಟು ಒಂದು ಸುರುಳಿಗೆ ಹೋಗುತ್ತದೆ. ಸುರುಳಿ ಕಬ್ಬಿಣದ ದಿಂಡನ್ನು ಒಳಗೆಳೆಯುತ್ತದೆ. ದಿಂಡು ಎರಡು ದಪ್ಪ ತಾಮ್ರದ ತುದಿಗಳನ್ನು ಕೂಡಿಸುತ್ತದೆ. ಮೊದಲ ‘ಟಕ್’ ಅದೇ. ಆಗ ಮೋಟಾರು ಬ್ಯಾಟರಿಯಿಂದ ಒಮ್ಮೆಲೇ ಭಾರೀ ಕರೆಂಟು ಎಳೆಯುತ್ತದೆ. ಬಡಕಲು ಬ್ಯಾಟರಿ ಕುಸಿಯುತ್ತದೆ, ಸುರುಳಿಗೂ ಶಕ್ತಿ ಸಾಲದೆ ಅದು ದಿಂಡನ್ನು ಬಿಟ್ಟುಬಿಡುತ್ತದೆ. ಹೊರೆ ಇಳಿದ ಬ್ಯಾಟರಿ ತುಸು ಚೇತರಿಸಿಕೊಂಡ ಕೂಡಲೇ ಸುರುಳಿ ಮತ್ತೆ ಎಳೆಯುತ್ತದೆ. ಹಿಡಿ, ಬಿಡು, ಹಿಡಿ, ಬಿಡು. ಹಳೆಯ ಕರೆಗಂಟೆ ಟ್ರಿಣ್ ಎನ್ನುತ್ತಿದ್ದದ್ದೂ ಇದೇ ಕ್ರಮದಲ್ಲಿ, ಅಲ್ಲಿ ಬೇಕೆಂದೇ ಹಾಗೆ ಮಾಡಿದ್ದರು.

ಘಾಟಿನಲ್ಲಿ ತಡೆಯುವ ಮೋಟಾರು

ಕುಡಚಡೆಯಿಂದ ರೈಲು ಹತ್ತಿ ಹುಬ್ಬಳ್ಳಿಯ ಕಡೆ ಹೊರಟರೆ ಕುಳೆ ದಾಟಿದ ಮೇಲೆ ದೂಧಸಾಗರದ ಘಾಟು. 1888ರಲ್ಲಿ ಪೂರ್ತಿಯಾದ ಈ ಹಾದಿ ಕ್ಯಾಸಲ್‌ರಾಕ್ ತನಕ ಪ್ರತಿ 37 ಮೀಟರಿಗೆ ಒಂದು ಮೀಟರಿನಂತೆ ಏರುತ್ತದೆ. ಭಾರತದ ರೈಲು ಏರುಗಳಲ್ಲಿ ಇದು ಕಡಿದಾದವುಗಳ ಸಾಲಿನದು. ಬಂದರಿನಿಂದ ಕಲ್ಲಿದ್ದಲು ಹೊತ್ತ ಗಾಡಿಗಳು ಮೇಲೆ ಹತ್ತುವಾಗ ಹಿಂದಿನಿಂದ ದೂಡಲು ಬೇರೆ ಎಂಜಿನ್ನುಗಳನ್ನು ಕಟ್ಟುತ್ತಾರೆ. ಕಣ್ಣಿಗೆ ಕಾಣುವ ಸಾಹಸ ಏರುವುದು, ನಿಜವಾದ ಕಷ್ಟ ಇರುವುದು ಇಳಿಯುವುದರಲ್ಲಿ.

ರೈಲಿನ ಡೀಸೆಲ್ ಎಂಜಿನ್ನಿನಲ್ಲಿ ಡೀಸೆಲ್ಲು ಗಾಲಿಯನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ವಿದ್ಯುತ್ ಉತ್ಪಾದಿಸುತ್ತದೆ, ಆ ವಿದ್ಯುತ್ತಿನಿಂದ ಗಾಲಿಗಳ ಅಚ್ಚಿನ ಮೋಟಾರುಗಳು ತಿರುಗುತ್ತವೆ. ಮೋಟಾರೆಂದರೆ ಒಂದು ವಿದ್ಯುತ್ಕಾಂತ ಇನ್ನೊಂದನ್ನು ಬಿಡದೆ ತಿರುಗಿಸುತ್ತಿರುವ ಏರ್ಪಾಡು. ಇಳಿಜಾರಿನಲ್ಲಿ ಚಾಲಕ ಜೋಡಣೆಯನ್ನು ಬದಲಿಸುತ್ತಾನೆ. ಈಗ ಗಾಡಿಯ ಭಾರವೇ ಗಾಲಿಯನ್ನು ತಿರುಗಿಸುತ್ತದೆ, ಗಾಲಿ ಮೋಟಾರನ್ನು ತಿರುಗಿಸುತ್ತದೆ, ಫ್ಯಾರಡೆ ಹೇಳಿದಂತೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಹೀಗೆ ಹುಟ್ಟಿದ ಕರೆಂಟಿನ ಕಾಂತಬಲ ತನ್ನನ್ನು ಹುಟ್ಟಿಸಿದ ಚಲನೆಗೇ ಅಡ್ಡ ನಿಲ್ಲುತ್ತದೆ. ಗಾಡಿ ತಡೆಹಿಡಿದಂತೆ ಇಳಿಯುತ್ತದೆ. ಹುಟ್ಟಿದ ವಿದ್ಯುತ್ತು ಎಂಜಿನ್ನಿನೊಳಗಿನ ತಂತಿಜಾಲರಿಗಳನ್ನು ಕಾಯಿಸುತ್ತದೆ, ಆ ಕಾವನ್ನು ಫ್ಯಾನುಗಳು ಹೊರಗೆ ಊದುತ್ತವೆ. ಬ್ರೇಕಿನ ಗಟ್ಟಿಗಳು ಸವೆಯದೆ, ಕೆಂಪಗೆ ಕಾಯದೆ ಉಳಿಯುತ್ತವೆ.

ನೀವೇ ಮಾಡಿ ನೋಡಿ

ರಿವೈಂಡಿಂಗ್ ಅಂಗಡಿಯಲ್ಲಿ ಉಳಿಕೆ ತಂತಿ ಕೇಳಿ, ಕೊಡುತ್ತಾರೆ. ಬೆರಳುದ್ದದ ಮೊಳೆಗೆ ಅದನ್ನು ಒಂದೇ ದಿಕ್ಕಿಗೆ ಒತ್ತಾಗಿ ನೂರು ಸುತ್ತು ಸುತ್ತಿ. ಎರಡೂ ತುದಿಗಳ ಎನಾಮಲ್ಲನ್ನು ಬ್ಲೇಡಿನಿಂದ ಪೂರ್ತಿ ಕೆರೆಯಿರಿ. ಮಕ್ಕಳ ಪ್ರಯೋಗ ಕೆಡುವುದು ಬಹಳ ಸಲ ಇಲ್ಲೇ. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲಿಗೆ ತುದಿಗಳನ್ನು ಒತ್ತಿ ಹಿಡಿದು ಮೊಳೆಯಿಂದ ಗುಂಡುಸೂಜಿ ಎತ್ತಿ ಎಣಿಸಿ. ಐವತ್ತು ಸುತ್ತು ಬಿಚ್ಚಿ ಮತ್ತೆ ಎಣಿಸಿ. ಮೊಳೆಯ ಬದಲು ಪೆನ್ಸಿಲ್ಲಿಗೆ ಸುತ್ತಿ ನೋಡಿದರೆ ಕಬ್ಬಿಣದ ಪಾಲು ಎಷ್ಟೆಂಬುದು ತಾನಾಗಿ ತಿಳಿಯುತ್ತದೆ. ಆಮೇಲೆ ಅಯಸ್ಕಾಂತವೊಂದನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ಕೆಮ್ಮಣ್ಣಿನಲ್ಲಿ ಒಮ್ಮೆ, ಹೊಳೆಯ ತಿರುವಿನಲ್ಲಿ ಗೆರೆಗೆರೆಯಾಗಿ ನಿಂತ ಕರಿಮರಳಿನಲ್ಲಿ ಒಮ್ಮೆ ಎಳೆದು ಹೋಲಿಸಿ. ಚೀಲ ಕಳಚಿದರೆ ಅಂಟಿದ್ದೆಲ್ಲ ಉದುರುತ್ತದೆ, ಅಯಸ್ಕಾಂತ ಉಜ್ಜುವ ಕೆಲಸ ತಪ್ಪುತ್ತದೆ.

ಸೆಲ್ಲಿಗೆ ತಂತಿಯನ್ನು ಕೆಲವು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ತಂತಿಯೂ ಸೆಲ್ಲೂ ಬೆರಳು ಸುಡುವಷ್ಟು ಕಾಯುತ್ತವೆ. ಬಲ ಸಾಲದೆನಿಸಿದರೆ ಸುತ್ತು ಹೆಚ್ಚಿಸಿ, ಇನ್ನೊಂದು ಸೆಲ್ ಸೇರಿಸಿ. ಗೋಡೆಯ ಪ್ಲಗ್ಗಿಗೆ ಮಾತ್ರ ಈ ತಂತಿಯನ್ನು ಯಾವ ಕಾರಣಕ್ಕೂ ಚುಚ್ಚಬೇಡಿ, ಮಕ್ಕಳಿಗೂ ಬಿಡಬೇಡಿ.